ಖಾರಕ್ಕೆ ಕುಲ ಯಾವುದು?

ಹೋಟೆಲುಗಳ ಬೋರ್ಡು ಕೀಳುವುದರಲ್ಲಿ ಎರಡು ಬಗೆಯಿದೆ. 'ಇದು ಇಂಥವರಿಗೆ ಮಾತ್ರ' ಎಂದು ಸಾರುವ ಬೋರ್ಡನ್ನು ಕೀಳುವುದು ಒಂದು ಬಗೆ. 'ಈ ಬೋರ್ಡು ನಮ್ಮದು, ನೀನು ಹಾಕಕೂಡದು' ಎಂದು ಕೀಳುವುದು ಇನ್ನೊಂದು ಬಗೆ. ಮೊದಲನೆಯದು ಬಾಗಿಲು ತೆರೆಯುತ್ತದೆ, ಎರಡನೆಯದು ಮುಚ್ಚುತ್ತದೆ. ದೂರದಿಂದ ನೋಡಿದವರಿಗೆ ಎರಡೂ ಒಂದೇ ಹೋರಾಟದಂತೆ ಕಾಣುವುದರಿಂದ ಈ ವ್ಯತ್ಯಾಸವನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು.

2024ರ ಅಕ್ಟೋಬರಿನಲ್ಲಿ ಇಂಡೊನೇಷ್ಯದ ಜಾವಾ ದ್ವೀಪದ ಚಿರೆಬೊನ್ ಎಂಬ ಊರಿನಲ್ಲಿ ನಡೆದದ್ದು ಎರಡನೆಯ ಬಗೆಯದು. ಒಂದು ಸಣ್ಣ ಊಟದಂಗಡಿಯ ಗಾಜಿಗೆ ಅಂಟಿಸಿದ್ದ 'ಪಾಡಾಂಗ್ ಅಡುಗೆ' ಎಂಬ ಅಕ್ಷರಗಳನ್ನು ಕೆಲವರು ಬಂದು ಕಿತ್ತರು. ಕಿತ್ತವರು ಆ ಊರಿನ ಪಾಡಾಂಗ್ ಹೋಟೆಲುಗಾರರ ಸಂಘದವರು. ಅದರ ಚಿತ್ರ ದೇಶದಲ್ಲೆಲ್ಲ ಹರಡಿತು. ಸುಮಾತ್ರದ ಪಾಡಾಂಗ್ ಸೀಮೆಯವರಲ್ಲದವರು ಪಾಡಾಂಗ್ ಊಟ ಮಾರಕೂಡದಂತೆ ಎಂಬ ಮಾತು ಹಬ್ಬಿ ಗಲಾಟೆಯಾಯಿತು. ಆಮೇಲೆ ಸಮಜಾಯಿಷಿ ಬಂತು: ತಕರಾರು ಹುಟ್ಟಿನದಲ್ಲ, ಬೆಲೆಯದು, 10,000 ರುಪಿಯಾಕ್ಕೆ ಊಟ ಕೊಟ್ಟು ಪೇಟೆ ಕೆಡಿಸುತ್ತಾರೆ. ಆ ಸಮಾಜದ ಹಿರಿಯರೂ ಯಾರು ಬೇಕಾದರೂ ಮಾರಬಹುದು ಎಂದು ದೊಡ್ಡ ಮನಸ್ಸು ಮಾಡಿದರು. ಆದರೆ ಅದರ ಬೆನ್ನಿಗೇ ಅಸಲಿ ರುಚಿಗೆ ಪರವಾನಗಿ ಕೊಡುವ ಮಾತೂ ಸುದ್ದಿಯಾಯಿತು. 10,000 ರುಪಿಯಾ ಎಂದೊಡನೆ ಓದುಗರು ಬೆಚ್ಚಬೇಕಾಗಿಲ್ಲ. ನಮ್ಮ ಲೆಕ್ಕದಲ್ಲಿ ಅದು ಐವತ್ತು ರೂಪಾಯಿ ಚಿಲ್ಲರೆ.

ಯಾವುದೋ ದೇಶದ ಯಾವುದೋ ಅಂಗಡಿಯ ಜಗಳ ನಿಮಗೇಕೆ ಎಂದು ಕೇಳುವವರಿದ್ದಾರೆ. ನಾನು ಜಕಾರ್ತಾ ನಗರದಲ್ಲಿ ನಾಲ್ಕು ವರ್ಷ ಒಂದು ನೂಲಿನ ಕಂಪೆನಿಯ ಲೆಕ್ಕಪತ್ರ ನೋಡಿಕೊಂಡಿದ್ದವನು. ಆ ನಾಲ್ಕು ವರ್ಷಗಳ ಮಧ್ಯಾಹ್ನದ ಊಟವನ್ನು ಹೆಚ್ಚುಕಡಿಮೆ ಪಾಡಾಂಗ್ ಹೋಟೆಲುಗಳಲ್ಲೇ ಮಾಡಿದ್ದೇನೆ. ಅನ್ನದ ಋಣ ಇರುವ ಕಡೆ ಮಾತಿನ ಹಕ್ಕೂ ಸ್ವಲ್ಪ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾನು ಕರಾವಳಿಯವನು. ಊರಿನ ಹೆಸರಿನ ಬೋರ್ಡು ಹಾಕಿ ಊರೂರಿಗೆ ಅನ್ನ ಹಾಕಿದ ಸೀಮೆಯವನು. ಆ ಜಗಳ ನಮ್ಮ ಮನೆಯದೂ ಹೌದು.

ಮೊದಲು ಆ ಊಟದ ವಿಷಯ. ಪಶ್ಚಿಮ ಸುಮಾತ್ರದ ಮಿನಾಂಗ್‌ಕಬಾವು ಜನರ ಅಡುಗೆಗೆ ಹೊರಗಿನವರು ಇಟ್ಟುಕೊಂಡ ಹೆಸರು ಪಾಡಾಂಗ್ ಊಟ. ಜಕಾರ್ತಾದ ಸುದಿರ್ಮಾನ್ ರಸ್ತೆಯ ಆಕಾಶ ಮುಟ್ಟುವ ಕಟ್ಟಡಗಳ ಹಿಂದಿನ ಬೆಂಡುಂಗಾನ್ ಹಿಲಿರ್ ಕಡೆ ಹೋದರೂ ಸರಿ, ಸೆನೆನ್ ಪೇಟೆಯ ಬಳಿಯ ಕ್ರಾಮಾತ್ ರಾಯಾ ರಸ್ತೆಗೆ ಹೋದರೂ ಸರಿ, ಗಾಜಿನ ಹಿಂದೆ ತಟ್ಟೆಗಳನ್ನು ಗೋಪುರದಂತೆ ಪೇರಿಸಿಟ್ಟ ಅಂಗಡಿಗಳು ಕಾಣುತ್ತವೆ. ಕೂತ ಕೂಡಲೇ ಏನು ಬೇಕು ಎಂದು ಕೇಳುವ ಪದ್ಧತಿಯಿಲ್ಲ. ಮಾಣಿ ಒಂದೇ ತೋಳಿನ ಮೇಲೆ ಹತ್ತು ಹನ್ನೆರಡು ತಟ್ಟೆ ಪೇರಿಸಿಕೊಂಡು ಬಂದು ಮೇಜು ತುಂಬಿಸುತ್ತಾನೆ. ಎಲ್ಲವೂ ನಿಮ್ಮೆದುರು ಇರುತ್ತದೆ. ತಿಂದದ್ದಕ್ಕೆ ಮಾತ್ರ ದುಡ್ಡು, ಮುಟ್ಟದ ತಟ್ಟೆ ಹಿಂದಕ್ಕೆ ಹೋಗುತ್ತದೆ. ಲಿಂಬೆಯ ಹೋಳು ತೇಲಿಸಿದ ನೀರಿನ ಬಟ್ಟಲು ಕೈ ತೊಳೆಯುವುದಕ್ಕೆ. ಚಮಚ ಕೇಳಿದರೆ ಕೊಡುತ್ತಾರೆ, ಕೇಳದಿರುವುದು ಮರ್ಯಾದೆ.

ಆ ತಟ್ಟೆಗಳಲ್ಲಿ ನಮ್ಮ ಕಡೆಯವರಿಗೆ ಪರಕೀಯ ಎನಿಸುವುದು ಬಹಳ ಕಡಿಮೆ. ತೆಂಗಿನ ಹಾಲಿನಲ್ಲಿ ಬೆಂದ ಗುಜ್ಜೆಯ ಗುಲಾಯ್, ಬೇಯಿಸಿದ ಮರಗೆಣಸಿನ ಎಲೆ, ಕೆಂಪು ಮೆಣಸನ್ನು ಅರೆದು ಎಣ್ಣೆಯಲ್ಲಿ ಬಾಡಿಸಿ ಮೆತ್ತಿದ ಮೊಟ್ಟೆ, ಹಾಗೆಯೇ ಮೆತ್ತಿದ ಕಡ್ಡಿಯಂಥ ಸಣ್ಣ ಒಣಮೀನು, ಹಸಿಮೆಣಸನ್ನೂ ಸಣ್ಣ ಈರುಳ್ಳಿಯನ್ನೂ ಜಜ್ಜಿ ಮಾಡಿದ ಹಸುರು ಸಂಬಾಲ್. ರೆಂಡಾಂಗ್ ಎಂಬುದು ಎಮ್ಮೆಯ ಅಥವಾ ದನದ ಮಾಂಸದ್ದು. ನನ್ನ ಕೈ ಮೀನು, ಮೊಟ್ಟೆ, ಗುಜ್ಜೆಯ ತಟ್ಟೆಗಳತ್ತಲೇ ಹೋಗುತ್ತಿದ್ದುದರಿಂದ ಅದರ ರುಚಿಯ ಬಗ್ಗೆ ತೀರ್ಪು ಕೊಡಲಾರೆ. ಆದರೆ ತೆಂಗಿನ ಹಾಲು ಗಂಟೆಗಟ್ಟಲೆ ಬತ್ತಿ, ಎಣ್ಣೆ ಬಿಟ್ಟು, ಮಸಾಲೆ ಮಾಂಸಕ್ಕೆ ಕಪ್ಪಗೆ ಅಂಟುವ ತನಕ ಅದನ್ನು ಕೈಯಾಡಿಸುವವನ ತೋಳಿನ ಕಷ್ಟವನ್ನು ಕಂಡಿದ್ದೇನೆ. ಜಾವಾದ ಮನೆಯಡುಗೆ ಸಿಹಿಯ ಕಡೆ ವಾಲುತ್ತದೆ, ಅವರ ಸಂಬಾಲಿಗೂ ಬೆಲ್ಲ ಬೀಳುತ್ತದೆ. ಪಾಡಾಂಗಿನ ಖಾರಕ್ಕೆ ಅಂಥ ರಾಜಿಯಿಲ್ಲ. ಆದರೂ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಆ ಖಾರವನ್ನು ಹುಡುಕಿಕೊಂಡು ಬರುವವರಲ್ಲಿ ಜಾವಾದವರು, ಸುಂದಾದವರು, ಚೀಣೀ ಮನೆತನದವರು, ಬಟಾಕರು ಎಲ್ಲರೂ ಇರುತ್ತಾರೆ. ಬೆವರು ಒರೆಸಿಕೊಳ್ಳುತ್ತ ತಿನ್ನುವಾಗ ಯಾರು ಯಾವ ದ್ವೀಪದವರೆಂದು ಹೇಳುವುದು ಕಷ್ಟ.

ಈಗ ನನ್ನ ವಾದಕ್ಕೆ ಬರುತ್ತೇನೆ. ಈ ಊಟವನ್ನು ದೇಶದ ಊಟವನ್ನಾಗಿ ಮಾಡಿದವರು ಯಾರು? ಮಿನಾಂಗರ ಕೈಗುಣ ಅರ್ಧ ಉತ್ತರ. ಉಳಿದರ್ಧ ಉತ್ತರ ಅದನ್ನು ತಿಂದವರು. ಮಿನಾಂಗರಲ್ಲಿ ಮನೆ, ಗದ್ದೆ ತಾಯಿಯಿಂದ ಮಗಳಿಗೆ ಬರುತ್ತವೆ. ನಮ್ಮ ಅಳಿಯಸಂತಾನವನ್ನು ನೆನಪಿಗೆ ತರುವ ಕಟ್ಟು. ಗಂಡುಮಕ್ಕಳು ಪ್ರಾಯಕ್ಕೆ ಬಂದೊಡನೆ ಊರು ಬಿಟ್ಟು ಸಂಪಾದನೆಗೆ ಹೋಗುವುದು ಅಲ್ಲಿ ಹಳೆಯ ಕ್ರಮ. ಇದರ ಮೇಲೆ ರಾಜಕೀಯವೂ ಸೇರಿತು. 1958ರ ಫೆಬ್ರವರಿ 15ರಂದು ಪಾಡಾಂಗಿನಲ್ಲಿ ಜಕಾರ್ತಾದ ಸರಕಾರಕ್ಕೆ ಎದುರಾಗಿ ಇನ್ನೊಂದು ಸರಕಾರ ಘೋಷಣೆಯಾಯಿತು. ಸೇನೆ ಬಂದು ಅದನ್ನು ಹತ್ತಿಕ್ಕಿತು. 1961ರ ವೇಳೆಗೆ ಎಲ್ಲ ಮುಗಿಯಿತು. ಸೋತ ಸೀಮೆಯಿಂದ ಜನ ಹಿಂಡುಹಿಂಡಾಗಿ ಹೊರಟು ಬಂದದ್ದು ಎಲ್ಲಿಗೆ? ತಮ್ಮನ್ನು ಸೋಲಿಸಿದ ಜಕಾರ್ತಾಕ್ಕೆ! ದಂಗೆಯವರು ಎಂಬ ಹಣೆಪಟ್ಟಿ ಇದ್ದವರು ಆ ನಗರದಲ್ಲಿ ಅನ್ನ ಬೇಯಿಸಿ ಬಡಿಸಲು ಕೂತರು. ನಗರ ಅದನ್ನು ಉಂಡಿತು. ಈ ಸಾರು ಕುದಿಸಿದವನು ಯಾವ ಪಕ್ಷದವನು, ಯಾವ ಕುಲದವನು ಎಂದು ಕೇಳುತ್ತ ಕೂತಿದ್ದರೆ ಇವತ್ತು ಪಾಡಾಂಗ್ ಊಟ ಪಾಡಾಂಗಿನಲ್ಲೇ ಇರುತ್ತಿತ್ತು. ಹುಟ್ಟು ಕೇಳದ ಗಿರಾಕಿಗಳಿಂದ ಬೆಳೆದ ಹೆಸರಿಗೆ ಹುಟ್ಟಿನ ಕಾವಲು ಹಾಕುವುದು ಯಾವ ನ್ಯಾಯ?

ಒಳಗೆ ಹೋಗಿ ನೋಡಿದರೂ ಇದೇ ಕಥೆ. ನಾನು ಹೋಗುತ್ತಿದ್ದ ಹೋಟೆಲಿನ ಯಜಮಾನ ಪರಿಯಾಮಾನಿನವನು. ಒಲೆಯ ಮುಂದೆ ಇದ್ದವನು ಮಧ್ಯ ಜಾವಾದವನು, ತಟ್ಟೆ ಪೇರಿಸುತ್ತಿದ್ದ ಹುಡುಗ ಸುಂದಾದವನು. ಮಿನಾಂಗರ ಹಳೆಯ ಹೋಟೆಲುಗಳಲ್ಲಿ 'ಮಾತೊ' ಎಂಬ ಚೆಂದದ ಪದ್ಧತಿಯುಂಟು. ತಿಂಗಳ ಸಂಬಳದ ಬದಲು ಲಾಭದಲ್ಲಿ ಪಾಲು. ಇಂತಿಷ್ಟು ದಿನಗಳಿಗೊಮ್ಮೆ, ಸಾಮಾನ್ಯವಾಗಿ ನೂರು ದಿನಕ್ಕೆ, ಲೆಕ್ಕ ಮಾಡಿ ಬಂಡವಾಳ ಹಾಕಿದವನಿಗೆ ಇಷ್ಟು, ಅಡುಗೆಯವನಿಗೆ ಇಷ್ಟು, ಬಡಿಸುವವನಿಗೆ ಇಷ್ಟು ಎಂದು ಅವರವರ ಕೆಲಸದ ಅಂಶಕ್ಕೆ ತಕ್ಕಂತೆ ಹಂಚುತ್ತಾರೆ. ಲೆಕ್ಕಪತ್ರದ ಕಸುಬಿನವನಾದ ನನಗೆ ಇದು ತಟ್ಟೆಗಳ ಗೋಪುರಕ್ಕಿಂತ ದೊಡ್ಡ ಬೆರಗು. ಗಿರಾಕಿ ತಿಂದದ್ದನ್ನು ಮಾತ್ರ ಲೆಕ್ಕ ಹಿಡಿಯುವ, ಆಳು ದುಡಿದದ್ದನ್ನು ಮಾತ್ರ ಲೆಕ್ಕ ಹಿಡಿಯುವ ಹೋಟೆಲು ಅದು. ಆ ಲೆಕ್ಕದ ಪುಸ್ತಕದಲ್ಲಿ ಹುಟ್ಟಿಗೆ ಅಂಕಣವಿಲ್ಲ. ಚಿರೆಬೊನಿನಲ್ಲಿ ಅಕ್ಷರ ಕಿತ್ತವರಿಗೆ ಉತ್ತರ ಹೊರಗಿನಿಂದ ಬರಬೇಕಾಗಿಲ್ಲ, ಅವರ ಅಜ್ಜಂದಿರ ಪದ್ಧತಿಯೇ ಕೊಟ್ಟಿದೆ.

ಇನ್ನು ಆ ಖಾರದ ಜಾತಕ ನೋಡೋಣ. ಮೆಣಸಿನಕಾಯಿ ಸುಮಾತ್ರದ್ದೂ ಅಲ್ಲ, ಬ್ಯಾಡಗಿಯದೂ ಅಲ್ಲ. ಅದು ಅಮೆರಿಕ ಖಂಡದ ಗಿಡ, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ನಮ್ಮ ಕಡೆಗೂ ಅವರ ಕಡೆಗೂ ಬಂದದ್ದು. ಅದಕ್ಕೆ ಮೊದಲು ಖಾರ ಎಂದರೆ ಎರಡೂ ಕಡೆ ಕಾಳುಮೆಣಸು, ಹಿಪ್ಪಲಿ, ಶುಂಠಿ. ಹೊಸಬ ಬಂದಾಗ ನಾವೇನು ಮಾಡಿದೆವು? ಹಳೆಯ ಮೆಣಸಿನ ಹೆಸರನ್ನೇ ಅವನಿಗೂ ಕೊಟ್ಟು 'ಮೆಣಸಿನಕಾಯಿ' ಎಂದು ಕರೆದೆವು. ಅವರೇನು ಮಾಡಿದರು? ಮಲಯ ಭಾಷೆಯಲ್ಲಿ ಕಾಳುಮೆಣಸಿಗೆ 'ಲಾದಾ' ಎನ್ನುತ್ತಾರೆ. ಮಿನಾಂಗರ ಮಾತಿನಲ್ಲಿ ಅದೇ ಪದ 'ಲಾದೊ' ಆಗಿ ಇವತ್ತು ಮೆಣಸಿನಕಾಯಿಯ ಹೆಸರು. 'ಬಾಲಾದೊ' ಎಂದರೆ ಮೆಣಸಿನಕಾಯಿ ಹಾಕಿದ್ದು. ಮೂರು ಸಮುದ್ರ ದಾಟಿ ಬಂದವನಿಗೆ ಮನೆಯ ಹಿರಿಯನ ಹೆಸರಿಟ್ಟು ಪಂಕ್ತಿಯಲ್ಲಿ ಕೂರಿಸಿದ ಜನ ಪಕ್ಕದ ದ್ವೀಪದವನು ಅದೇ ಮೆಣಸನ್ನು ಅರೆದರೆ ಪರವಾನಗಿ ತೋರಿಸು ಎನ್ನುತ್ತಾರೆ! ಪಾಡಾಂಗ್ ಎಂಬ ಹೆಸರಾದರೂ ಏನು? ಬುಕಿತಿಂಗ್ಗಿಯವರು, ಪಯಕುಂಬುವಿನವರು, ಪರಿಯಾಮಾನಿನವರು, ಪಾಡಾಂಗ್ ಪಟ್ಟಣದಲ್ಲಿ ಒಂದು ದಿನವೂ ವಾಸ ಮಾಡದವರು, ಎಲ್ಲ ಆ ಹೆಸರಿನ ಕೆಳಗೇ ಅಂಗಡಿ ತೆರೆದರು. ಹೆಸರು ಮೊದಲಿನಿಂದಲೂ ಎರವಲಿನದೇ.

ಇದನ್ನು ಓದುವಾಗ ಕರಾವಳಿಯವರಿಗೆ ಉಡುಪಿ ಹೋಟೆಲು ನೆನಪಾಗದೆ ಇರದು. ಹೊಟ್ಟೆಪಾಡಿಗೆ ಊರು ಬಿಟ್ಟು ಮದರಾಸು, ಮುಂಬಯಿ, ಬೆಂಗಳೂರುಗಳಲ್ಲಿ ಪಾತ್ರೆ ತೊಳೆದು, ಮಾಣಿಯಾಗಿ, ಕೊನೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರ ಕಥೆ ನಮ್ಮ ಕಡೆ ಮನೆಗೊಂದು ಇದೆ. ಎ. ರಾಮ ನಾಯಕರು ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ಊಟದ ಮನೆ ತೆರೆದರು. ಉಡುಪಿ ಎಂಬ ಹೆಸರಿನ ಕೆಳಗೆ ಶಿವಳ್ಳಿಯವರು, ಕೋಟದವರು, ಕೊಂಕಣಿಗರು, ಬಂಟರು ಎಲ್ಲರೂ ಬದುಕು ಕಟ್ಟಿಕೊಂಡರು. ಉಡುಪಿಯನ್ನು ಭೂಪಟದಲ್ಲಿ ಮಾತ್ರ ಕಂಡವರೂ ಈಗ ಆ ಬೋರ್ಡು ಹಾಕಿ ಸಾಂಬಾರಿಗೆ ಸಕ್ಕರೆ ಸುರಿಯುತ್ತಾರೆ. ನನಗೂ ಅದು ಸೇರುವುದಿಲ್ಲ. ಆದರೆ ನಾನು ಮಾಡುವುದು ಎದ್ದು ಬೇರೆ ಹೋಟೆಲಿಗೆ ಹೋಗುವುದು. ಅವನ ಬೋರ್ಡು ಕೀಳುವುದಲ್ಲ.

ನಮ್ಮ ಹೋಟೆಲುಗಳ ಚರಿತ್ರೆಯಲ್ಲಿ ನಾಚಿಕೆಪಡಬೇಕಾದ ಪುಟವೂ ಇದೆ. ಮೊದಲ ಕಾಲದ ಹಲವು ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗ, ಉಳಿದವರಿಗೆ ಬೇರೆ ಜಾಗ ಇರುತ್ತಿತ್ತು. ಅಡುಗೆಯವನ ಜಾತಿಯೇ ಹೋಟೆಲಿನ ಜಾಹೀರಾತಾಗಿತ್ತು. 1957ರಲ್ಲಿ ಪೆರಿಯಾರರು ಮದರಾಸಿನ ಟ್ರಿಪ್ಲಿಕೇನಿನ ಒಂದು ಹೋಟೆಲಿನ ಬೋರ್ಡಿನಲ್ಲಿದ್ದ 'ಬ್ರಾಹ್ಮಣಾಳ್' ಎಂಬ ಪದವನ್ನು ಅಳಿಸಬೇಕೆಂದು ಚಳವಳಿ ಹೂಡಿದರು. ನಾನು ಮೊದಲಿಗೆ ಹೇಳಿದ ಬಾಗಿಲು ತೆರೆಯುವ ಬಗೆ ಎಂದರೆ ಇದು. ಆ ಪದ ಹೋದದ್ದರಿಂದ ಇಡ್ಲಿ ಗಟ್ಟಿಯಾಗಲಿಲ್ಲ, ಸಾರು ಕೆಡಲಿಲ್ಲ. ಅಡುಗೆಯವನ ಹುಟ್ಟನ್ನು ಬೋರ್ಡಿನಿಂದ ಇಳಿಸುವುದಕ್ಕೆ ನಮ್ಮಲ್ಲಿ ಅಷ್ಟು ಹೋರಾಟ ಬೇಕಾಯಿತು. ಇಂಡೊನೇಷ್ಯದ ನಗರಗಳ ಊಟದಂಗಡಿಗಳಲ್ಲಿ ಈ ರೋಗ ಇರಲಿಲ್ಲ. ಪರವಾನಗಿಯ ಹೆಸರಿನಲ್ಲಿ ಅದನ್ನು ಯಾರಾದರೂ ಒಳಗೆ ಬಿಟ್ಟುಕೊಳ್ಳುತ್ತಾರೆಂದರೆ ಸುಮ್ಮನೆ ನೋಡಿಕೊಂಡಿರುವುದು ಹೇಗೆ?

ಎದುರು ವಾದಗಳಿಗೆ ನಾನು ಕಿವುಡನಲ್ಲ. ಒಂದು, ಹೆಸರು ಕೆಡುತ್ತದೆ ಎಂಬುದು. ಎರಡು ತಲೆಮಾರು ದುಡಿದು ಗಳಿಸಿದ ಹೆಸರಿನಲ್ಲಿ ಇನ್ನೊಬ್ಬ ಕಳಪೆ ಮಾಲು ಮಾರಿದರೆ ಹೊಟ್ಟೆ ಉರಿಯದೆ? ಉರಿಯುತ್ತದೆ, ನಿಜ. ನಮ್ಮ ಮಟ್ಟುಗುಳ್ಳಕ್ಕೂ ಬ್ಯಾಡಗಿ ಮೆಣಸಿನಕಾಯಿಗೂ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಅದು ನ್ಯಾಯವೇ. ಆ ಬದನೆಯ ಗುಣ ಮಟ್ಟುವಿನ ಮಣ್ಣಿನಲ್ಲಿದೆ, ಮಣ್ಣನ್ನು ಹೊತ್ತುಕೊಂಡು ಹೋಗಲಾಗದು. ಆದರೆ ಅಡುಗೆಯ ಗುಣ ಮಣ್ಣಿನಲ್ಲಿಲ್ಲ, ಕೈಯಲ್ಲಿದೆ. ಕೈ ಕಲಿಯುತ್ತದೆ, ಕಲಿಸುತ್ತದೆ, ಊರು ಬಿಡುತ್ತದೆ. ಬದನೆಗೆ ಹಾಕುವ ಮುದ್ರೆಯನ್ನು ಮನುಷ್ಯನ ಕೈಗೆ ಹಾಕಲು ಹೊರಟರೆ ಅದು ಬೇರೆಯೇ ಕೆಲಸವಾಗುತ್ತದೆ. ಕಳಪೆ ರೆಂಡಾಂಗನ್ನು ಮಿನಾಂಗನೂ ಮಾಡಬಲ್ಲ, ಒಳ್ಳೆಯದನ್ನು ಜಾವಾದವನೂ ಮಾಡಬಲ್ಲ. ತೀರ್ಪು ನಾಲಿಗೆಗೆ ಬಿಟ್ಟದ್ದು.

ಎರಡನೆಯದು ಧರ್ಮದ ಪ್ರಶ್ನೆ. ಜಕಾರ್ತಾದಲ್ಲಿ ಒಬ್ಬ ವ್ಯಾಪಾರಿ ಹಂದಿ ಮಾಂಸದ ಪಾಡಾಂಗ್ ಊಟ ಮಾರಿದ್ದನೆಂದು 2022ರಲ್ಲಿ ದೊಡ್ಡ ಗದ್ದಲವಾಯಿತು. ಅವನು ಅದಕ್ಕೆ ಎರಡು ವರ್ಷ ಮೊದಲೇ ಆ ವ್ಯಾಪಾರ ಮುಚ್ಚಿದ್ದ; ನಡೆಸುತ್ತಿದ್ದಾಗಲೂ ಹಂದಿಯದೆಂದು ಬಹಿರಂಗವಾಗಿ ಹೇಳಿಯೇ ಮಾರುತ್ತಿದ್ದ. ಮಿನಾಂಗರು ನಿಷ್ಠಾವಂತ ಮುಸಲ್ಮಾನರು. ಪಾಡಾಂಗ್ ಎಂಬ ಹೆಸರು ಕಂಡರೆ ಯೋಚಿಸದೆ ಒಳಗೆ ಹೋಗಬಹುದೆಂಬ ಭರವಸೆ ಅಲ್ಲಿನವರಿಗಿದೆ. ಆ ಭರವಸೆಗೆ ಬೆಲೆ ಕೊಡಲೇಬೇಕು. ತಟ್ಟೆಯಲ್ಲಿ ಏನಿದೆ ಎಂದು ದೊಡ್ಡ ಅಕ್ಷರದಲ್ಲಿ ಬರೆಯಲಿ. ಸುಳ್ಳು ಬರೆದವನಿಗೆ ಶಿಕ್ಷೆಯಾಗಲಿ. ತಟ್ಟೆಯಲ್ಲಿ ಏನಿದೆ ಎಂದು ಕೇಳುವುದು ಗಿರಾಕಿಯ ಹಕ್ಕು. ತಟ್ಟೆ ಹಿಡಿದವನು ಯಾರ ಮಗ ಎಂದು ಕೇಳುವುದು ಹಕ್ಕಲ್ಲ. ಈ ಎರಡು ಪ್ರಶ್ನೆಗಳನ್ನು ಬೇಕೆಂದೇ ಬೆರೆಸುವವರು ಆ ದೇಶದಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ.

ಮೂರನೆಯದು ಬೆಲೆ. ಚಿರೆಬೊನಿನ ಸಂಘದವರು ಹುಟ್ಟಿನ ಮಾತು ಬಿಟ್ಟು ಬೆಲೆಯ ಮಾತು ಹಿಡಿದರಷ್ಟೆ? ನನಗೆ ಅದು ಹೆಚ್ಚು ಕೆಟ್ಟದ್ದಾಗಿ ಕಾಣುತ್ತದೆ. 10,000 ರುಪಿಯಾದ ಊಟ ಎಂದರೆ ಅನ್ನ, ಒಂದು ಮೊಟ್ಟೆ ಅಥವಾ ಕೋಳಿಯ ಸಣ್ಣ ತುಂಡು, ಗುಲಾಯಿನ ರಸ, ಮರಗೆಣಸಿನ ಎಲೆ, ಒಂದು ಚಮಚ ಸಂಬಾಲ್. ತಟ್ಟೆಗಳ ಗೋಪುರ ಅಲ್ಲಿಲ್ಲ. ಅದನ್ನು ತಿನ್ನುವವನು ಬೈಕಿನಲ್ಲಿ ಜನರನ್ನು ಸಾಗಿಸುವವನು, ಕಟ್ಟಡದ ಕೂಲಿ, ಅಂಗಡಿಯ ಹುಡುಗಿ. ಮೇಜು ತುಂಬ ತಟ್ಟೆ ಬಡಿಸುವ ಹೋಟೆಲಿನೊಳಕ್ಕೆ ಇವರು ಮೊದಲೂ ಬರುತ್ತಿರಲಿಲ್ಲ, ನಾಳೆಯೂ ಬರುವುದಿಲ್ಲ. ಹಾಗಾದರೆ ಇವರ ಊಟವನ್ನು ನಿಲ್ಲಿಸಿ ದೊಡ್ಡ ಹೋಟೆಲಿನವನು ಯಾವ ಗಿರಾಕಿಯನ್ನು ಉಳಿಸಿಕೊಂಡ?

ಸಣ್ಣ ಹೋಟೆಲುಗಾರನ ಸಂಕಟ ನನಗೆ ಗೊತ್ತು. ಬಾಡಿಗೆ, ಅಡುಗೆ ಅನಿಲ, ಎಲ್ಲಕ್ಕಿಂತ ಮೆಣಸಿನಕಾಯಿ. 2011ರ ಆರಂಭದಲ್ಲಿ ಅದರ ಬೆಲೆ ಕಿಲೋಗೆ 1,00,000 ರುಪಿಯಾ ಮುಟ್ಟಿದಾಗ ಆ ದೇಶದ ಆಗಿನ ಅಧ್ಯಕ್ಷ ಯುಧೊಯೊನೊ ಮನೆಯಂಗಳದಲ್ಲಿ ಮೆಣಸಿನ ಗಿಡ ನೆಡಿ ಎಂದು ಜನರಿಗೆ ಕರೆ ಕೊಡಬೇಕಾಯಿತು. ಅಧ್ಯಕ್ಷರ ಬಾಯಿಗೆ ಮೆಣಸಿನಕಾಯಿ ಬರಬೇಕಾದರೆ ಖಾರ ಅಲ್ಲಿ ಚಪಲದ ವಸ್ತುವಲ್ಲ ಎಂದು ತಿಳಿಯಬೇಕು. ಬೇರೇನೂ ಇಲ್ಲದಾಗ ಅನ್ನವನ್ನು ಗಂಟಲಿಗೆ ಇಳಿಸುವುದೇ ಖಾರ. ನಮ್ಮಲ್ಲಿ ಗಂಜಿಗೆ ಸುಟ್ಟ ಮೆಣಸು ನಂಜಿಕೊಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೆಣಸಿನ ಬೆಲೆ ಏರಿದರೆ ಸಂಘದವರು ಸರಕಾರದ ಬಾಗಿಲಿಗೆ ಹೋಗಲಿ, ದಲ್ಲಾಳಿಯನ್ನು ಹಿಡಿಯಲಿ. ತನಗಿಂತ ಬಡವನ ಗಾಜಿನ ಮೇಲಿನ ಅಕ್ಷರ ಕೀಳುವುದು ಸುಲಭದ ಕೆಲಸ. ಸುಲಭವಾದ್ದರಿಂದಲೇ ಅದು ಪೌರುಷವಲ್ಲ.

ಒಂದು ಮಾತು ನಮ್ಮವರಿಗೂ ಸೇರಬೇಕು. ಜಕಾರ್ತಾಕ್ಕೆ ಬರುವ ನಮ್ಮ ಕಡೆಯ ಅಧಿಕಾರಿಗಳನ್ನು, ವ್ಯಾಪಾರಿಗಳನ್ನು ಪಾಡಾಂಗ್ ಹೋಟೆಲಿಗೆ ಕರೆದುಕೊಂಡು ಹೋದಾಗ ನಾನು ಕೇಳಿದ ಪ್ರಶ್ನೆಗಳು ಎರಡೇ: ಮುಟ್ಟದ ತಟ್ಟೆ ಹಿಂದಕ್ಕೆ ಹೋಗುತ್ತದಲ್ಲ, ಎಂಜಲಲ್ಲವೇ? ಒಳಗೆ ಬೇಯಿಸುವವರು ಯಾರು? ಮೊದಲನೆಯದಕ್ಕೆ ಉತ್ತರವಿದೆ: ಮುಟ್ಟದ್ದು ಎಂಜಲಲ್ಲ, ಮುಟ್ಟಿದ್ದನ್ನು ಮುಟ್ಟಿಲ್ಲ ಎನ್ನದ ಗಿರಾಕಿಯ ಪ್ರಾಮಾಣಿಕತೆಯ ಮೇಲೆ ಆ ಊಟ ನಿಂತಿದೆ. ಎರಡನೆಯದನ್ನು ನಾವು ಎಲ್ಲಿ ಹೋದರೂ ಪೆಟ್ಟಿಗೆಯಲ್ಲಿ ಹಾಕಿಕೊಂಡೇ ಹೋಗುತ್ತೇವೆ. ಚಿರೆಬೊನಿನವರನ್ನು ಬಯ್ಯುವ ಮೊದಲು ಆ ಪೆಟ್ಟಿಗೆಯನ್ನು ಬಿಚ್ಚಿ ನೋಡಿಕೊಳ್ಳುವುದು ಮೇಲು.

ಬೋರ್ಡಿನಲ್ಲಿ ಮೂರೇ ವಿಷಯ ಇರಲಿ: ಏನು ಅಡುಗೆ, ಅದರಲ್ಲಿ ಏನು ಹಾಕಿದೆ, ಬೆಲೆ ಎಷ್ಟು. ನಾಲ್ಕನೆಯದನ್ನು ಬರೆಯಲು ಬಂದವರಿಗೂ, ನಾಲ್ಕನೆಯದು ಇಲ್ಲವೆಂದು ಮೂರನ್ನೂ ಕೀಳಲು ಬಂದವರಿಗೂ, ಗಿರಾಕಿಗಳಾದ ನಾವು ಎದ್ದು ನಿಂತು ಬೇಡ ಎನ್ನಬೇಕು. ಅಂಗಡಿಯವನಿಗೆ ಅದನ್ನು ಹೇಳುವ ಧೈರ್ಯ ಸಾಲದೆ ಹೋಗಬಹುದು. ಉಂಡವರಿಗೆ ಇರಲೇಬೇಕು.